ಎರಡೂ ಕೈಗೆ ತಟ್ಟೆ ಕೊಟ್ಟ ಅಂಪೈರು

ಆ ಮನುಷ್ಯನನ್ನು ನಮ್ಮ ಹಾಕಿ ತಂಡಕ್ಕೆ ಕೋಚ್ ಆಗಿ ಕರೆತರಲು ನನಗೆ ಆದ ಖರ್ಚು ಒಬ್ಬ ಬಾಮೈದ. ದುಡ್ಡು ಕೇಳಿದ್ದರೆ ನಾನು ಗೆಲ್ಲುತ್ತಿದ್ದೆ. ಬಿಳಿಕೆರೆ ರಸ್ತೆ ಬದಿಯಲ್ಲಿ ಹಳೇ ಟ್ರ್ಯಾಕ್ಟರ್ ಕೊಂಡು ಮಾರುವವನು ನಾನು. ಕೇಳಿದ ರೇಟಿಗೆ ಇವತ್ತಿನವರೆಗೂ ಏನನ್ನೂ ಕೊಂಡವನಲ್ಲ, ಹೇಳಿದ ರೇಟಿಗೆ ಮಾರದೆ ಬಿಟ್ಟವನೂ ಅಲ್ಲ. ಆದರೆ ಅವರು ದುಡ್ಡಿನ ಮಾತೇ ಎತ್ತಲಿಲ್ಲ. "ನಿಮ್ಮ ಸೆಂಟರ್ ಫಾರ್ವರ್ಡ್ ಇದ್ದಾನಲ್ಲ, ಅವನನ್ನ ಬಿಡಿ. ನಾನು ಬರ್ತೀನಿ" ಅಂದರು. ನಮ್ಮ ಸೆಂಟರ್ ಫಾರ್ವರ್ಡ್ ಅಂದರೆ ಮಂಜ. ನನ್ನ ಹೆಂಡತಿ ಸವಿತಳಿಗೆ ಇರುವ ಒಬ್ಬನೇ ತಮ್ಮ.

ಕೊಟ್ಟೆ. ಯಾಕೆ ಕೊಟ್ಟೆ ಅನ್ನೋದನ್ನು ಬರೆಯೋಕೇ ಈಗ ಕೂತಿದ್ದೀನಿ. ಆಟಗಾರರ ಹರಾಜಿನ ಕಾಲ ಬಂತು ಅಂದರೆ ಸಾಕು, ಪಿರಿಯಾಪಟ್ಟಣದಿಂದ, ಹೆಚ್.ಡಿ. ಕೋಟೆಯಿಂದ ನನಗೆ ಫೋನು ಬರುತ್ತದೆ. "ಅಣ್ಣ, ತಂಡ ಹೆಂಗೆ ಕಟ್ಟೋದು, ಸ್ವಲ್ಪ ಹೇಳಿ" ಅಂತಾರೆ. ನಾನೂ ಹೇಳ್ತೀನಿ, ಹೇಳೋದು ನನಗೆ ಇಷ್ಟ. ಆದರೆ ಹೇಳುವ ಮಾತೆಲ್ಲ ಅವರದ್ದು. ಮಾಲು ಯಾರದ್ದು ಅಂತ ಹೇಳದೆ ಮಾರೋದು ನಮ್ಮ ಕಸುಬಿನಲ್ಲೂ ಸರಿಯಲ್ಲ.

ಅವರ ಹೆಸರು ಹಾಕೋದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನ ಹಾಕಿ ಮೈದಾನಗಳಲ್ಲಿ ಅವರು ಬರೀ ಅಂಪೈರ್ರು. ತಾಯಿ ಕಡೆ ಕೊಡಗು, ಅದಕ್ಕೇ ಅವರ ಕನ್ನಡಕ್ಕೆ ಒಂದು ಬೇರೆ ರಾಗ ಇತ್ತು. ಕೆಲಸ ಮಾಡಿದ್ದು ಬೀಚನಹಳ್ಳಿ ಡ್ಯಾಮಿನ ಗೇಟಿನಲ್ಲಿ, ರಿಟೈರ್ ಆಗಿದ್ದೂ ಅಲ್ಲೇ. ಭಾನುವಾರ ಬಂತೆಂದರೆ ವಿಶಲ್ ಕೊರಳಿಗೆ ಹಾಕಿಕೊಂಡು ಯಾವುದೋ ಒಂದು ಮೈದಾನಕ್ಕೆ ಬಸ್ಸು ಹತ್ತುತ್ತಿದ್ದರು. ಸಣಕಲು ಆಳು, ಸೊಟ್ಟಗಾದ ಎಡ ಮಂಡಿ, ಇಸ್ತ್ರಿ ಹಾಕಿದ ಬಿಳಿ ಅಂಗಿ. ಸಿಟ್ಟು ಬಂದಾಗ ದನಿ ಏರುವ ಬದಲು ಇಳಿಯುತ್ತಿತ್ತು. ಅವರ ಮಾತು ಕೇಳಿಸೋದಿಲ್ಲ ಅಂತ ನಾವು ಹತ್ತಿರ ಬಗ್ಗುತ್ತಿದ್ದೆವು. ಬಗ್ಗಿದ ಮೇಲೆ ಬೈಸಿಕೊಳ್ಳುತ್ತಿದ್ದೆವು.

ನಮ್ಮ ಪರಿಚಯ ಆದದ್ದೇ ಜಗಳದಲ್ಲಿ. ನಮ್ಮ ನಾಲ್ಕು ತಾಲ್ಲೂಕಿನ ಲೀಗ್ ಶುರುವಾದಾಗ ಬಿಳಿಕೆರೆ ತಂಡವನ್ನು ನಾನು ತೆಗೆದುಕೊಂಡೆ. ಇದು ಶೋಕಿ ಆಟ ಅಂದುಕೊಳ್ಳಬೇಡಿ. ಆಟಗಾರರನ್ನು ಹರಾಜಿನಲ್ಲಿ ತಗೋಬೇಕು, ಪ್ರತಿ ತಂಡಕ್ಕೂ ನೂರು ಪಾಯಿಂಟು, ಹಳಬರನ್ನು ಉಳಿಸಿಕೊಂಡರೆ ಅವರ ಪಾಯಿಂಟು ಅದರಲ್ಲೇ ಕಳೆಯುತ್ತದೆ, ಯಾರು ಎಷ್ಟು ಪಾಯಿಂಟಿಗೆ ಹೋದರೋ ಆ ಸೀಸನ್ನಿನ ಸಂಭಾವನೆ ಅದರ ಮೇಲೆ. ಮೊದಲ ವರ್ಷ ನಾವು ಕಟ್ಟಕಡೆಗೆ ನಿಂತೆವು. ಎರಡನೇ ವರ್ಷ ಪಿರಿಯಾಪಟ್ಟಣದಲ್ಲಿ ಒಂದು ಆಟ. ಮಂಜ ದೂರದಿಂದ ಬೀಸಿದ ಚೆಂಡು ಯಾರಿಗೂ ತಾಗದೆ ನೇರ ಗೋಲಿನೊಳಗೆ ಹೋಯಿತು. ನಮ್ಮವರು ಕುಣಿದರು. ಅಂಪೈರ್ರು ಕೊಡಲಿಲ್ಲ. ಗೋಲಿನ ಮುಂದಿನ ಸರ್ಕಲ್ಲಿನ ಗೆರೆಯ ಹೊರಗಿಂದ ಹೊಡೆದ ಚೆಂಡಿಗೆ ಹಾಕಿಯಲ್ಲಿ ಗೋಲಿಲ್ಲ ಅನ್ನೋದು ನನಗೂ ಗೊತ್ತಿತ್ತು. ಗೊತ್ತಿದ್ದೂ ಹಗ್ಗದ ಈಚೆ ನಿಂತು ಬಾಯಿಗೆ ಬಂದಂತೆ ಕೂಗಿದೆ.

ಅವರು ಆಟ ನಿಲ್ಲಿಸಿದರು. ಕುಂಟುತ್ತಾ ಇಡೀ ಮೈದಾನ ದಾಟಿ ನನ್ನ ಹತ್ತಿರ ಬಂದು, ಜೇಬಿನಿಂದ ಹಳದಿ ಕಾರ್ಡು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

"ನಂಗ್ಯಾಕ್ ಸಾರ್ ಕಾರ್ಡು? ನಾನೇನ್ ಆಟಗಾರನಾ?" ಅಂದೆ.

"ಅಲ್ವಲ್ಲ? ಹಾಗಾದ್ರೆ ಆಡಬೇಡಿ. ಹೋಗಿ ಆಚೆ ಕೂತ್ಕೊಳಿ."

ಜನ ಬಿದ್ದು ಬಿದ್ದು ನಕ್ಕರು. ಆಚೆ ಹೋಗಿ ಕೂತೆ. ಹಳದಿ ಕಾರ್ಡು ತಿಂದ ಓನರ್ ನಮ್ಮ ಲೀಗಿನಲ್ಲಿ ನಾನೊಬ್ಬನೇ. ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನೋಡಿದರೆ ಪಕ್ಕದಲ್ಲೇ ನಿಂತಿದ್ದಾರೆ. ನಾನು ಮುಖ ತಿರುಗಿಸಿದೆ. ಅವರು ಲೋಟದಿಂದ ತಲೆ ಎತ್ತದೆಯೇ ಹೇಳಿದರು: "ಇಲ್ಲದ ಗೋಲಿಗೆ ಅಷ್ಟು ಹೊತ್ತು ಕೂಗಿದ್ರಿ. ಅದೇ ಹೊತ್ತಲ್ಲಿ ನಿಮ್ಮ ಎಡಗಡೆ ಪೂರ್ತಿ ಖಾಲಿ ಬಿದ್ದಿತ್ತು. ಆ ಕಡೆ ಯಾರೂ ನೋಡ್ಲೇ ಇಲ್ಲ. ನಿಮ್ಮ ತಂಡದಲ್ಲಿ ಗೋಲ್ ಹೊಡೆಯೋರು ಆರು ಜನ ಇದ್ದಾರೆ. ಚೆಂಡು ತಂದುಕೊಡೋರು ಯಾರು?"

ಈ ಮಾತು ನನಗೆ ಎಲ್ಲಿ ನಾಟಿತು ಅಂದರೆ, ನನ್ನ ಕಸುಬಿನಲ್ಲೇ ನಾಟಿತು. ಪೇಂಟ್ ನೋಡಿ ಟ್ರ್ಯಾಕ್ಟರ್ ಕೊಳ್ಳೋರನ್ನು ಕಂಡರೆ ನಾನು ಒಳಗೊಳಗೇ ನಗುತ್ತೇನೆ. ಹರಾಜಿನಲ್ಲಿ ನಾನು ಮಾಡಿದ್ದೂ ಅದನ್ನೇ. ನಾನೊಬ್ಬನೇ ಅಲ್ಲ, ನಮ್ಮ ಕಡೆಯ ಓನರ್‌ಗಳೆಲ್ಲ ಮಾಡುವ ಕೆಲಸ ಇದು. ನಮ್ಮ ಊರಿನ ಹುಡುಗನ ಹೆಸರು ಬಂದಾಗ ಬೇರೆ ಊರಿನವನು ಕೈ ಎತ್ತಿದರೆ ನಮಗೆ ಮೈ ಉರಿಯುತ್ತದೆ. ಆ ಹುಡುಗ ಬೇಕೋ ಬೇಡವೋ, ನೆಂಟರ ಮುಂದೆ ತಲೆ ತಗ್ಗಬಾರದು. ಪ್ರತಿ ಊರಿನಲ್ಲೂ ಹೆಸರು ಮಾಡಿದ ಹುಡುಗ ಅಂದರೆ ಗೋಲ್ ಹೊಡೆಯುವವನೇ. ಹೀಗಾಗಿ ಎಲ್ಲಾ ತಂಡದಲ್ಲೂ ಮುಂದೆ ಜಾತ್ರೆ, ಹಿಂದೆ ಬಯಲು.

ಆ ವರ್ಷವೂ ಕೊನೆಯ ಸ್ಥಾನ ನಮ್ಮದೇ ಆಯಿತು. ಲೀಗಿನ ನಿಯಮ ಹೀಗಿದೆ: ಮೂರು ವರ್ಷ ಸಾಲಾಗಿ ಕೊನೆಗೆ ನಿಂತ ತಂಡ ಎದ್ದು ಹೋಗಬೇಕು, ಜಾಗ ಬೇರೆ ಊರಿಗೆ. ನಮಗೆ ಉಳಿದಿದ್ದು ಒಂದೇ ವರ್ಷ. ಬಿಳಿಕೆರೆಯಲ್ಲಿ ಸಾಯಂಕಾಲ ಸ್ಟಿಕ್ ಹಿಡಿದು ಕೆರೆ ಏರಿ ಹಿಂದಿನ ಬಯಲಿಗೆ ಹೋಗುವ ಹುಡುಗರ ಸಾಲು ಶುರುವಾಗಿದ್ದೇ ಈ ತಂಡದಿಂದ. ತಂಡ ಹೋದರೆ ಆ ಸಾಲೂ ಹೋಗುತ್ತದೆ. ನನ್ನ ಹೆಸರಿನ ಜೊತೆ ಊರಿನ ಹೆಸರೂ ಹೋಗುತ್ತದೆ.

ಅಷ್ಟರಲ್ಲಿ ಮಂಡಿ ನೋವು ಜಾಸ್ತಿಯಾಗಿ ಅವರು ಅಂಪೈರಿಂಗ್ ಬಿಟ್ಟರು ಅಂತ ಸುದ್ದಿ ಬಂತು. ಬೀಚನಹಳ್ಳಿಯ ಅವರ ಮನೆಗೆ ಹೋದೆ. ಆಗಲೇ ಅವರು ಮಂಜನನ್ನು ಬಿಡಿ ಅಂದದ್ದು.

ನಾನು ಚೌಕಾಸಿಗೆ ಕೂತೆ. "ಸಾರ್, ಅವನು ಇರ್ಲಿ, ಬೇಕಾದ್ರೆ ಇನ್ನಿಬ್ಬರನ್ನ ಬಿಡೋಣ. ನಮ್ಮ ತಂಡಕ್ಕೆ ಅವನೊಬ್ಬನೇ ಹೆಸರು ತಂದಿರೋದು."

"ಅದಕ್ಕೇ ಅವನನ್ನ ಬಿಡಿ ಅಂದಿದ್ದು. ಹೆಸರಿಲ್ಲದೋರನ್ನ ಬಿಟ್ರೆ ನಿಮಗೆ ಏನು ಉಳಿಯತ್ತೆ? ಅವನನ್ನ ಉಳಿಸ್ಕೊಂಡ್ರೆ ನಲವತ್ತು ಪಾಯಿಂಟು ಅವನ ಮೇಲೇ ಹೋಗತ್ತೆ. ಇನ್ನು ಅರವತ್ತರಲ್ಲಿ ಮಿಕ್ಕೋರೆಲ್ಲ. ಯಾರನ್ನೂ ಉಳಿಸ್ಕೊಳ್ಳದೆ ನೂರನ್ನೂ ಕೈಯಲ್ಲಿಟ್ಟುಕೊಂಡು ಹರಾಜಿಗೆ ಕೂತ್ಕೊಳ್ಳೋಣ."

"ಚೆನ್ನಾಗ್ ಆಡ್ತಾನೆ ಸಾರ್ ಅವ್ನು."

"ಚೆಂಡು ಹತ್ರ ಇರೋವಾಗ ಎಲ್ಲಾರೂ ಚೆನ್ನಾಗೇ ಆಡ್ತಾರೆ. ಚೆಂಡು ಕಳ್ಕೊಂಡ ಮೇಲೆ ನೋಡಿ. ಸೊಂಟದ ಮೇಲೆ ಕೈ ಇಟ್ಕೊಂಡು ಆಕಾಶ ನೋಡ್ತಾನೆ ನಿಮ್ಮ ಹುಡುಗ. ನಾನು ಮೈದಾನದ ಒಳಗೇ ನಿಂತು ನೋಡಿದ್ದೀನಿ."

ನಾನು ಇನ್ನೂ ಎಳೆದಾಡುತ್ತಿದ್ದೆ. ಆಗ ಅವರು ಕಿಟಕಿಯ ಕಡೆ ಕೈ ತೋರಿಸಿದರು. ದೂರದಲ್ಲಿ ಡ್ಯಾಮಿನ ಗೋಡೆ ಕಾಣುತ್ತಿತ್ತು. "ಅಲ್ಲಿ ನೀರು ತುಂಬಿಸೋದಕ್ಕೆ ಯಾರನ್ನೂ ಕೆಲಸಕ್ಕೆ ಇಟ್ಟಿಲ್ಲ. ಅದನ್ನ ಮಳೆ ಮಾಡತ್ತೆ. ನನಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದು ಬಿಡೋದಕ್ಕೆ. ಯಾವಾಗ ಬಿಡಬೇಕು, ಎಷ್ಟು ಬಿಡಬೇಕು. ಅಷ್ಟೇ ಕೆಲಸ."

ಒಪ್ಪಿಕೊಂಡೆ. ಇನ್ನೊಂದು ಷರತ್ತೂ ಹಾಕಿದರು. ಆಟ ನಡೆಯುವಾಗ ನಾನು ಹಗ್ಗದ ಹತ್ತಿರ ಬಾಯಿ ತೆರೆಯಬಾರದು. ಅದಕ್ಕೂ ಹೂಂ ಅಂದೆ. ಎರಡರಲ್ಲಿ ಈ ಎರಡನೆಯದೇ ಕಷ್ಟವಾಯಿತು.

ಮಂಜನಿಗೆ ಹೇಳೋದು ಹೇಗೆ? ನನ್ನ ಉಪಾಯ, ಲೀಗಿನವರ ಕಡೆಯಿಂದ ಸುದ್ದಿ ಮುಟ್ಟಿಸೋದು. 'ನನ್ನ ಕೈಲಿ ಏನಿಲ್ಲಪ್ಪ, ನಿಯಮ ಹಂಗಾಯ್ತು' ಅಂದುಬಿಡೋದು. ಟ್ರ್ಯಾಕ್ಟರ್ ವ್ಯಾಪಾರದಲ್ಲಿ ಕೆಟ್ಟ ಸುದ್ದಿಯನ್ನು ಯಾವಾಗಲೂ ಮೆಕ್ಯಾನಿಕ್ ಬಾಯಲ್ಲಿ ಹೇಳಿಸುತ್ತೇವೆ. ಅವರು ಇದನ್ನು ಕೇಳಿ ದನಿ ಇಳಿಸಿದರು. ಬಗ್ಗಿದೆ. "ತೀರ್ಪು ಕೊಟ್ಟೋನೇ ಕೈ ಎತ್ತಿ ತೋರಿಸಬೇಕು. ನಡೀರಿ ನಿಮ್ಮ ಅತ್ತೆ ಮನೆಗೆ" ಅಂದರು.

ಹುಣಸೂರಿನ ಆಚೆ ಅತ್ತೆಯವರ ಊರು. ನಾವು ಹೋದಾಗ ಊಟದ ಹೊತ್ತು. ಸವಿತ ಮೊದಲೇ ಅಲ್ಲಿಗೆ ಬಂದಿದ್ದಳು. ಅತ್ತೆ ಒಳಗೆ ಮುದ್ದೆ ಕಟ್ಟುತ್ತಿದ್ದರು, ಬಸ್ಸಾರಿನ ಘಮ ಬಾಗಿಲಿಗೇ ಬರುತ್ತಿತ್ತು. "ಕೈ ಕಾಲ್ ತೊಳ್ಕಂಡ್ ಬನ್ನಿ, ಮೊದ್ಲು ಉಣ್ಣಿ, ಆಮ್ಯಾಕೆ ಮಾತು" ಅಂದರು ಅತ್ತೆ. ನನಗೆ ಅದೇ ಬೇಕಾಗಿತ್ತು. ಹೊಟ್ಟೆ ತುಂಬಿದ ಮೇಲೆ ಯಾರ ಸಿಟ್ಟೂ ಅರ್ಧಕ್ಕೆ ಇಳಿಯುತ್ತದೆ.

ಅವರು ಕೂರಲಿಲ್ಲ. "ಇಲ್ಲಮ್ಮ, ಮೊದಲು ಹೇಳ್ತೀನಿ. ಕೇಳಿದ ಮೇಲೂ ಬಡಿಸೋ ಮನಸ್ಸಿದ್ರೆ ಬಡಿಸಿ" ಅಂದು, ಮಂಜನ ಎದುರಿಗೆ ನಿಂತು, ಅವನ ಮುಖ ನೋಡಿಕೊಂಡೇ ಹೇಳಿದರು. "ಈ ವರ್ಷ ನಿನ್ನನ್ನ ಬಿಡ್ತಾ ಇದ್ದೀವಪ್ಪ. ತೀರ್ಮಾನ ನನ್ನದು. ನಿನಗೆ ಆಟ ಬರಲ್ಲ ಅಂತಲ್ಲ. ಚೆಂಡು ಕಳ್ಕೊಂಡ ಮೇಲೆ ನೀನು ತಿರುಗಲ್ಲ. ಬೇರೆ ತಂಡದಲ್ಲಿ ನಿನ್ನನ್ನ ಯಾರೂ ಬಾಮೈದ ಅನ್ನಲ್ಲ, ಅಲ್ಲಿ ತಿರುಗ್ತೀಯ."

ಮಂಜ ನನ್ನ ಕಡೆ ತಿರುಗಿ, "ಬಾವ, ನೀವೇ ಒಂದ್ ಮಾತ್ ಹೇಳ್ಬೋದಿತ್ತಲ್ಲ" ಅಂದ. ಸವಿತ ಸುಮ್ಮನಿರಲಿಲ್ಲ. "ಟ್ರ್ಯಾಕ್ಟರ್ ಮಾರ್ದಂಗೆ ನನ್ ತಮ್ಮುನ್ನೂ ಮಾರ್ಬುಟ್ರಾ? ರೇಟ್ ಎಷ್ಟ್ ಬಂತು?" ಅಂದಳು. ನಾನು ಅಂಪೈರ್ರ ಹಿಂದಕ್ಕೆ ಸರಿದೆ. ಅತ್ತೆ ಬಾಗಿಲಲ್ಲಿ ನಿಂತು ಅಂಪೈರ್ರನ್ನು ಮೇಲಿಂದ ಕೆಳಗೆ ನೋಡಿದರು. "ಬಂದ್ ಏಳಿದ್ರಲ್ಲ, ಅಷ್ಟ್ ಸಾಕು ಬುಡಿ. ಕೂತ್ಕಳಿ" ಅಂದು ಅವರಿಗೆ ಬಡಿಸಿದರು. ನನಗೆ ಬಡಿಸಿದ್ದು ಕೊನೆಗೆ, ಅದೂ ಸಣ್ಣ ಮುದ್ದೆ. ಸವಿತ ಆಮೇಲೆ ಬಹಳ ದಿನ ನನ್ನ ಜೊತೆ ಟೀವಿಯ ಕಡೆ ನೋಡಿಕೊಂಡೇ ಮಾತಾಡಿದಳು.

ಹರಾಜು ನಡೆದದ್ದು ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಹೊಗೆಸೊಪ್ಪಿನ ಮಾರ್ಕೆಟ್ಟು ಕಂಡ ಊರು ನಮ್ಮದು. ಹರಾಜು ಅಂದರೆ ಎಲ್ಲರಿಗೂ ಬಾಯಿಪಾಠ, ಮನೆ ಮಂದಿಯೆಲ್ಲ ನೋಡೋಕೆ ಬರುತ್ತಾರೆ. ನಮ್ಮ ಲೀಗಿನಲ್ಲಿ ಕೈ ಎತ್ತಿದರೆ ಬಿಡ್ ಕೂಗಿದಂತೆ. ಎತ್ತಿದ ಕೈ ವಾಪಸ್ ಇಲ್ಲ.

ಹಿಂದಿನ ದಿನ ಅವರಿಗೆ ನನ್ನ ಇನ್ನೊಂದು ಉಪಾಯ ಹೇಳಿದ್ದೆ. "ಸಾರ್, ಕೋಟೆಯೋರಿಗೆ ಅವರೂರ ಹುಡುಗ ಬೇಕೇ ಬೇಕು. ನಾನು ಸುಮ್ನೆ ಕೈ ಎತ್ತಿ ಎತ್ತಿ ಏರಿಸ್ತೀನಿ. ಅವರ ಪಾಯಿಂಟೆಲ್ಲ ಅಲ್ಲೇ ಖಾಲಿ ಆಗ್ಲಿ." ವ್ಯಾಪಾರದಲ್ಲಿ ಇದು ಮಾಮೂಲು. ಅವರು ಒಪ್ಪಲಿಲ್ಲ. "ಬೇಡದ ಆಟಗಾರನಿಗೆ ಕೈ ಎತ್ತಬೇಡಿ. ಎದುರಿನವನು ಒಂದು ಸಲ ಸುಮ್ಮನಾದ್ರೆ ಅವನು ನಿಮ್ಮ ತಂಡಕ್ಕೆ ಬಂದುಬಿಡ್ತಾನೆ. ಬೇಡ ಅಂತ ಗೊತ್ತಿದ್ದೂ ಕೊಂಡವನನ್ನ ನೀವು ಚೆನ್ನಾಗಿ ನೋಡ್ಕೊಳ್ತೀರಾ? ಅವನ ಒಂದು ವರ್ಷ ಹಾಳು."

ಹರಾಜು ಶುರುವಾಯಿತು. ಮೊದಲು ದೊಡ್ಡ ಹೆಸರುಗಳು. ಎಲ್ಲರೂ ಹುಚ್ಚು ಹಿಡಿದಂತೆ ಕೈ ಎತ್ತುತ್ತಿದ್ದರೆ ನಮ್ಮ ಟೇಬಲ್ಲು ಮೌನ. ಹಿಂದಿನ ಸಾಲಿನಿಂದ ಯಾರೋ, "ಬಿಳಿಕೆರೆಯೋರು ಉಪ್ಪಿಟ್ಟು ತಿನ್ನಾಕ್ ಬಂದವ್ರೆ ಕಣ್ಲಾ" ಅಂದ. ಆಗ ಮಂಜನ ಹೆಸರು ಬಂತು. ಹೆಂಗಸರ ಸಾಲಿನಲ್ಲಿ ಸವಿತ, ಪಕ್ಕದಲ್ಲಿ ಅತ್ತೆ. ಸವಿತ ನನ್ನನ್ನೇ ನೋಡುತ್ತಿದ್ದಾಳೆ. ಅವಳು ನನ್ನ ಮುಖ ನೋಡಿದ್ದೇ ಅಪರೂಪವಾಗಿದ್ದ ದಿನಗಳು ಅವು. ನನ್ನ ಬಲಗೈ ನನ್ನನ್ನು ಕೇಳದೆಯೇ ಮೇಲಕ್ಕೆ ಹೊರಟಿತು.

ಅಂಪೈರ್ರು ಟೇಬಲ್ಲಿನ ಮೇಲಿದ್ದ ತಮ್ಮ ಉಪ್ಪಿಟ್ಟಿನ ತಟ್ಟೆ ತೆಗೆದು ಆ ಕೈಗೆ ಕೊಟ್ಟರು. "ಹಿಡ್ಕೊಳಿ" ಅಂದರು. ಎಡಗೈ ಅಲ್ಲಾಡಿತು. ನನ್ನ ಕೇಸರಿಬಾತಿನ ತಟ್ಟೆಯನ್ನು ಅದಕ್ಕೆ ಇಟ್ಟರು. "ಇದನ್ನೂ ಹಿಡ್ಕೊಳಿ. ಚೆಲ್ಲಬೇಡಿ." ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡು, ಮದುವೆ ಮನೆಯಲ್ಲಿ ಬಡಿಸೋಕೆ ನಿಂತವನ ಹಾಗೆ ಕೂತಿದ್ದೆ. ನನ್ನ ಕಣ್ಣ ಮುಂದೆಯೇ ಕೋಟೆಯವರು ಮಂಜನನ್ನು ಐವತ್ತೈದು ಪಾಯಿಂಟಿಗೆ ಕೊಂಡರು. ಸುತ್ತಿಗೆ ಬಿದ್ದ ಮೇಲೆ ಅಂಪೈರ್ರು ತಮ್ಮ ತಟ್ಟೆ ವಾಪಸ್ ತಗೊಂಡು ನಿಧಾನಕ್ಕೆ ತಿನ್ನೋಕೆ ಶುರು ಮಾಡಿದರು. "ಉಪ್ಪು ಸ್ವಲ್ಪ ಕಡಿಮೆ" ಅಂದರು.

ಮಧ್ಯಾಹ್ನದ ಮೇಲೆ ನಮ್ಮ ಆಟ ಶುರುವಾಯಿತು. ಬೇರೆಯವರ ಪಾಯಿಂಟು ಬರಿದಾಗಿತ್ತು, ನಮ್ಮದು ನೂರಕ್ಕೆ ನೂರು ಇತ್ತು. ಯಾರೂ ಕೇಳದ, ಹಿಂದೆ ನಿಂತು ಕಾಯುವ ಬ್ಯಾಕುಗಳು, ನಡುವೆ ಚೆಂಡು ತಂದುಕೊಡುವ ಹಾಫುಗಳು ಒಬ್ಬೊಬ್ಬರಾಗಿ ನಮ್ಮ ಕಡೆಗೆ ಬಂದರು. ವಯಸ್ಸಾಯಿತು ಅಂತ ಬಿಟ್ಟಿದ್ದ ಒಬ್ಬ ಗೋಲಿ, ಅಂದರೆ ಗೋಲ್‌ಕೀಪರ್. ಚುಂಚನಕಟ್ಟೆಯ ಒಬ್ಬ ಲೆಫ್ಟ್ ಹಾಫ್, ಮಾತೇ ಆಡದ ಹುಡುಗ. ಆಮೇಲೆ ಪಿರಿಯಾಪಟ್ಟಣದ ಒಬ್ಬ ಫುಲ್ ಬ್ಯಾಕ್ ಹೆಸರು ಬಂದಾಗ ಅವರು ನನ್ನ ಮೊಣಕೈಗೆ ತಿವಿದರು. ನನಗೆ ಗಾಬರಿ. ಇಡೀ ಲೀಗಿನ ಜಗಳಗಂಟ ಅವನು. ಅವನಿಗೆ ಅತಿ ಹೆಚ್ಚು ಕಾರ್ಡು ಕೊಟ್ಟಿದ್ದವರು ಇವರೇ.

"ಸಾರ್, ಇವನಾ? ನೀವೇ ಎಷ್ಟು ಸಲ ಆಚೆ ಕಳಿಸಿದ್ದೀರ?"

"ಆಚೆ ಕಳಿಸಿದ್ದಕ್ಕೇ ಗೊತ್ತು. ಕಾರ್ಡು ತಿಂದೋರು ಏನು ಮಾಡ್ತಾರೆ? ಸ್ಟಿಕ್ ಎಸೆದು ನೀರು ಕುಡೀತಾರೆ. ಇವನು ಬೆಂಚಿನ ಮೇಲೆ ನಿಂತು ಒಳಗಿರೋರಿಗೆ 'ಎಡಕ್ಕೆ ಸರಿ, ಹಿಂದೆ ನೋಡು' ಅಂತ ಜಾಗ ಹೇಳ್ತಾ ಇರ್ತಾನೆ. ಕೈ ಎತ್ತಿ."

ಎತ್ತಿದೆ. ಕನಿಷ್ಠ ಪಾಯಿಂಟಿಗೇ ಬಂದ. ಅಂಪೈರ್ರ ಹತ್ತಿರ ಬರೆದಿಟ್ಟ ಒಂದು ಚೀಟಿಯೂ ಇರಲಿಲ್ಲ. ವರ್ಷಗಟ್ಟಲೆ ಮೈದಾನದ ನಡುವೆ ನಿಂತು, ಚೆಂಡು ಎಲ್ಲಿಲ್ಲವೋ ಆ ಕಡೆ ಕಣ್ಣಿಟ್ಟಿದ್ದ ಮನುಷ್ಯ.

ಅಭ್ಯಾಸವೂ ಹಾಗೇ. ಅರ್ಧ ಹೊತ್ತು ಚೆಂಡೇ ಕೊಡುತ್ತಿರಲಿಲ್ಲ. ಓಡುತ್ತಿರುವಾಗ ವಿಶಲ್ ಊದೋರು. ಊದಿದ ತಕ್ಷಣ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಒಬ್ಬನ ಮುಂದೆ ಹೋಗಿ, "ತಿರುಗಬೇಡ. ನಿನ್ನ ಹಿಂದೆ ಯಾರಿದ್ದಾರೆ ಹೇಳು" ಅನ್ನೋರು. ಮೊದಮೊದಲು ಹುಡುಗರಿಗೆ ನಗು. ಆಮೇಲೆ ಹೆದರಿಕೆ. ಸೀಸನ್ ಶುರುವಾಗುವ ಹೊತ್ತಿಗೆ ಕೇಳಿದ ತಕ್ಷಣ ಹೇಳುತ್ತಿದ್ದರು. ಹೊಗಳಿಕೆ ಅನ್ನೋದು ಅವರ ಬಾಯಲ್ಲಿ ಇರಲಿಲ್ಲ. ತುಂಬಾ ಚೆನ್ನಾಗಿ ಆಡಿದವನ ಪಕ್ಕ ಬಂದು ನಿಂತು, ಅವನು ನೋಡಿದ ಕಡೆಯೇ ತಾವೂ ಸ್ವಲ್ಪ ಹೊತ್ತು ನೋಡಿ ಹೋಗುತ್ತಿದ್ದರು. ಹುಡುಗರಿಗೆ ಅಷ್ಟು ಸಿಕ್ಕರೆ ಹಬ್ಬ.

ಶುರುವಿನ ಆಟಗಳನ್ನು ಸೋತೆವು. ಅವರು ಮೊದಲೇ ಹೇಳಿದ್ದರು, "ಸೋಲ್ತೀವಿ, ಕಡಿಮೆ ಗೋಲಿನಲ್ಲಿ ಸೋಲ್ತೀವಿ" ಅಂತ. ಜನಕ್ಕೆ ಅದೆಲ್ಲ ಬೇಕಾ? ಕೆ.ಆರ್. ನಗರದಲ್ಲಿ ಒಬ್ಬ ಹಗ್ಗದ ಹತ್ತಿರ ನಿಂತು ಕೂಗಿದ: "ಏ ಟ್ರ್ಯಾಕ್ಟರಣ್ಣ, ಇಂಜಿನ್ ಮಾರ್ಬುಟ್ಟು ಟ್ರೈಲರ್ ಮಡಿಕಂಡಿದೀಯಲ್ಲಾ!" ನನ್ನ ನಾಲಿಗೆ ತುದಿಗೆ ಬಂದಿತ್ತು ಉತ್ತರ. ಷರತ್ತು ನೆನಪಾಗಿ ನುಂಗಿಕೊಂಡೆ. ಅವರು ಪಕ್ಕದಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದರು. "ಟ್ರೈಲರ್ ಇಲ್ದೆ ಕಬ್ಬು ಹೆಂಗೆ ಸಾಗಿಸ್ತಾನಂತೆ ಕೇಳಿ ಅವನನ್ನ" ಅಂದರು. ಅವರು ತಮಾಷೆ ಮಾಡಿದ್ದು ನಾನು ಕಂಡದ್ದು ಅದೊಂದೇ ಸಲ.

ಅವರು ತಪ್ಪು ಮಾಡಲಿಲ್ಲ ಅಂತಲ್ಲ. ಸೀಸನ್ ಮಧ್ಯದಲ್ಲಿ ಚುಂಚನಕಟ್ಟೆಯ ಲೆಫ್ಟ್ ಹಾಫ್ ಮಿಲಿಟರಿಗೆ ಸೆಲೆಕ್ಟ್ ಆಗಿ ಹೊರಟುಹೋದ. ನಮ್ಮ ಎಡಗಡೆ ಮತ್ತೆ ಖಾಲಿ. ನಾನು ಸಮಾಧಾನ ಹೇಳೋಕೆ ಹೋದರೆ ಅವರು ಎಲ್ಲಾ ಹುಡುಗರನ್ನೂ ಸೇರಿಸಿ ಹೇಳಿದರು: "ನಾನು ಅವನ ಆಟ ನೋಡಿದೆ, ಅವನ ಮನೆಗೆ ಹೋಗಿ ಏನು ಯೋಚನೆ ಇದೆ ಅಂತ ಕೇಳಲಿಲ್ಲ. ತಪ್ಪು ನನ್ನದು. ಆ ಜಾಗ ಇವತ್ತಿಂದ ಎಲ್ಲಾರೂ ಸೇರಿ ನೋಡ್ಕೋಬೇಕು." ತಪ್ಪು ಮಾಡಿದ ಅಂಪೈರ್ ಅದನ್ನು ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ದಿನದಿಂದ ಜಗಳಗಂಟ ಫುಲ್ ಬ್ಯಾಕ್ ಯಾರ ಮೇಲೂ ಕೈ ಮಾಡಲಿಲ್ಲ. ಎರಡು ಜಾಗ ಕಾಯುವವನಿಗೆ ಜಗಳಕ್ಕೆ ಪುರಸೊತ್ತು ಇರಲಿಲ್ಲ.

ಆಮೇಲೆ ಡ್ರಾ ಮಾಡಿಕೊಳ್ಳೋಕೆ ಶುರು ಮಾಡಿದೆವು. ಒಂದೆರಡು ಗೆದ್ದೆವು. ಕೊನೆಯ ಆಟದ ಹೊತ್ತಿಗೆ ಲೆಕ್ಕ ಸರಳವಾಯಿತು. ಕೆಳಗೆ ಇದ್ದದ್ದು ನಾವು ಮತ್ತು ಕೆ.ಆರ್. ನಗರ. ಕೋಟೆಯವರ ಜೊತೆ ನಾವು ಸೋಲದಿದ್ದರೆ ಉಳಿಯುತ್ತೇವೆ. ಸೋತರೆ ಬಿಳಿಕೆರೆ ತಂಡ ಅನ್ನೋದು ಇರುವುದಿಲ್ಲ. ಕೋಟೆಯವರ ಸೆಂಟರ್ ಫಾರ್ವರ್ಡ್ ಮಂಜ.

ಹುಣಸೂರಿನ ಮೈದಾನ ತುಂಬಿತ್ತು. ಸವಿತ ಅತ್ತೆಯ ಜೊತೆ ಕೋಟೆಯವರ ಕಡೆ ಕೂತಿದ್ದಳು. ಅದಕ್ಕೆ ನನ್ನ ಆಕ್ಷೇಪಣೆ ಇರಲಿಲ್ಲ, ಇದ್ದರೂ ಕೇಳುವವರಿರಲಿಲ್ಲ. ಆಟ ಬಿಸಿಯಾಗುವ ಮೊದಲೇ ಮಂಜ ಗೋಲ್ ಹೊಡೆದ. ಸರ್ಕಲ್ಲಿನ ಒಳಗಿಂದಲೇ ಹೊಡೆದ. ಸವಿತ ಎದ್ದು ನಿಂತು ಚಪ್ಪಾಳೆ ತಟ್ಟಿ, ನನ್ನ ಕಡೆ ನೋಡಿ, ಸೆರಗು ಸರಿ ಮಾಡಿಕೊಂಡು ಕೂತಳು. ನಮ್ಮವರು ಗಾಬರಿಯಾಗಲಿಲ್ಲ. ಮೂರನೇ ಕ್ವಾರ್ಟರಿನಲ್ಲಿ ಒಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಜಗಳಗಂಟ ಹೊಡೆದ ಚೆಂಡು ಕೆಳಗೇ ಹೋಗಿ ಗೋಲಿನ ಹಿಂಬದಿ ಹಲಗೆಗೆ ಬಡಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಒಂದಕ್ಕೊಂದು.

ಕೊನೆಯ ನಿಮಿಷಗಳು. ಮಂಜ ಚೆಂಡು ತಗೊಂಡು ಒಬ್ಬನೇ ನುಗ್ಗಿದ. ನಮ್ಮ ಫುಲ್ ಬ್ಯಾಕ್ ಸ್ಟಿಕ್ ಹಾಸಿ ಚೆಂಡು ಕಿತ್ತುಕೊಂಡ. ಉಸಿರು ಬಿಟ್ಟೆ. ಇನ್ನು ಮಂಜ ಸೊಂಟದ ಮೇಲೆ ಕೈ ಇಡ್ತಾನೆ, ಆಕಾಶ ನೋಡ್ತಾನೆ. ಇಲ್ಲ. ತಿರುಗಿದ. ತಿರುಗಿ, ನಮ್ಮವನ ಬೆನ್ನಿಗೇ ಬಿದ್ದು, ಚೆಂಡು ವಾಪಸ್ ಕಿತ್ತು, ಸರ್ಕಲ್ಲಿಗೆ ನುಗ್ಗಿ ಹೊಡೆದೇಬಿಟ್ಟ. ನಮ್ಮ ಎಡಗಡೆ, ಯಾರೂ ಇಲ್ಲದ ಜಾಗದಿಂದ. ನಾನು ಕಣ್ಣು ಮುಚ್ಚಿದೆ. ಬಾಯಿ ಮಾತ್ರ ತೆರೆಯಲಿಲ್ಲ. ಕಣ್ಣು ಬಿಟ್ಟರೆ, ವಯಸ್ಸಾದ ಗೋಲಿ ಕಾಲು ಚಾಚಿ ಮಲಗಿದ್ದಾನೆ, ಚೆಂಡು ಅವನ ಪ್ಯಾಡಿಗೆ ಬಡಿದು, ಗೋಲು ತಪ್ಪಿ, ಗೆರೆಯ ಆಚೆ ಉರುಳುತ್ತಿದೆ. ಎಡಗಡೆ ಖಾಲಿ ಅಂತ ಗೊತ್ತಿದ್ದಕ್ಕೇ ಮೊದಲೇ ಅತ್ತ ವಾಲಿ ನಿಂತಿದ್ದೆ ಅಂತ ಆಮೇಲೆ ಹೇಳಿದ. ಆಟ ಮುಗಿದ ವಿಶಲ್ ಕೇಳಿಸಿತು. ಉಳಿದೆವು.

ಎಲ್ಲರೂ ಗೋಲಿಯನ್ನು ಹೊತ್ತು ಕುಣಿಯುತ್ತಿದ್ದರೆ ಅಂಪೈರ್ರು ಕುಂಟುತ್ತಾ ಮಂಜನ ಹತ್ತಿರ ಹೋದರು. "ತಿರುಗಿದೆ" ಅಂದರು. ಅವನ ಪಕ್ಕ ನಿಂತು ಅವನು ನೋಡುತ್ತಿದ್ದ ಕಡೆಯೇ ಸ್ವಲ್ಪ ಹೊತ್ತು ನೋಡಿದರು. ಮಂಜನ ಕಣ್ಣು ಒದ್ದೆಯಾಗಿತ್ತು. ನಾನು ಸಮಯ ಸಾಧಿಸಿ, "ಸಾರ್, ಮುಂದಿನ ವರ್ಷ ಇವನನ್ನ ವಾಪಸ್..." ಅಂದೆ. "ಈಗ ಇವನು ನಿಮ್ಮ ಕೈಗೆ ಎಟುಕಲ್ಲ" ಅಂದರು. ಹಾಗೇ ಆಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಅವರನ್ನು ಅರ್ಧ ಹೇಳಿದಂತೆ. ಮುಂದಿನ ಹರಾಜಿಗೆ ಮೊದಲು ಕೆ.ಆರ್. ನಗರದ ಓನರ್ ನನ್ನ ಅಂಗಡಿಗೆ ಬಂದರು. ಆ ವರ್ಷ ಕೊನೆಗೆ ನಿಂತವರು ಅವರು. ತಂಡಗಳ ನಡುವೆ ಆಟಗಾರರ, ಕೋಚ್‌ಗಳ ಅದಲು ಬದಲಿಗೆ ನಮ್ಮ ಲೀಗಿನಲ್ಲಿ ಅವಕಾಶ ಇದೆ. ಅಂಪೈರ್ರನ್ನು ಬಿಟ್ಟುಕೊಡಿ ಅಂದರು. ಕೊಡೋ ಮಾತೇ ಇಲ್ಲ ಅಂದು ಟೀ ಕುಡಿಸಿ ಕಳಿಸಿದೆ. ಸಾಯಂಕಾಲ ಈ ವಿಷಯ ಹೆಮ್ಮೆಯಿಂದ ಹೇಳಿದರೆ ಇವರ ದನಿ ಇಳಿಯಿತು.

"ಯಾಕೆ ಕಳಿಸಿದ್ರಿ? ಅವರ ಹತ್ರ ಒಳ್ಳೇ ಲೆಫ್ಟ್ ಹಾಫ್ ಇದ್ದಾನೆ."

"ಸಾರ್, ನಿಮ್ಮನ್ನ ಕೊಟ್ಟು ಲೆಫ್ಟ್ ಹಾಫ್ ತಗೊಳ್ಳೋದಾ?"

"ನಾನು ಹೇಳಬೇಕಾದ್ದನ್ನ ಈ ಹುಡುಗರಿಗೆ ಹೇಳಿ ಆಯ್ತು. ಇನ್ನು ಹೇಳಿದ್ದನ್ನೇ ಹೇಳ್ತಾ ಇರ್ತೀನಿ, ಅವರು ಹೂಂ ಅಂತಾ ಇರ್ತಾರೆ. ಈ ವರ್ಷ ಕೊಟ್ರೆ ನನ್ನ ಬದಲು ಲೆಫ್ಟ್ ಹಾಫ್ ಬರ್ತಾನೆ. ಮುಂದಿನ ವರ್ಷ ಒಂದು ಹಾರ, ಒಂದು ಶಾಲು ಬರತ್ತೆ. ನಿಮಗೆ ಯಾವುದು ಬೇಕು?"

ನನ್ನ ಜೀವನದಲ್ಲಿ ನೂರಾರು ವ್ಯಾಪಾರಕ್ಕೆ ಕೂತಿದ್ದೇನೆ. ಮಾರಾಟಕ್ಕಿರುವ ಮಾಲೇ ನನ್ನ ಪಕ್ಕದಲ್ಲಿ ಕೂತು ಚೌಕಾಸಿ ಮಾಡಿದ್ದು ಅದೊಂದೇ. ಕೆ.ಆರ್. ನಗರದವರು ಲೆಫ್ಟ್ ಹಾಫ್ ಬದಲು ಒಬ್ಬ ವಿಂಗರ್ ಕೊಡ್ತೀವಿ ಅಂದರು. ನಾನು ಮೆತ್ತಗಾಗುತ್ತಿದ್ದೆ. "ನಾನು ಅಷ್ಟು ಅಗ್ಗ ಅಲ್ಲ" ಅಂತ ಇವರು ಅಡ್ಡ ಬಂದರು. ಕೊನೆಗೆ ಲೆಫ್ಟ್ ಹಾಫ್ ಬಂದ, ಇವರು ಹೋದರು. ಹೋಗುವಾಗ ಹುಡುಗರೆಲ್ಲ ಅತ್ತರು. ಇವರು ಬಸ್ಸಿನ ಕಿಟಕಿಯಿಂದ, ಮೈದಾನದಲ್ಲಿ ಹೊಸ ಲೆಫ್ಟ್ ಹಾಫ್ ನಿಂತಿದ್ದ ಜಾಗ ನೋಡಿ, "ಇನ್ನೂ ಸ್ವಲ್ಪ ಒಳಗೆ" ಅಂತ ಕೈಯಲ್ಲಿ ತೋರಿಸಿದರು.

ಆ ವರ್ಷ ಕೆ.ಆರ್. ನಗರ ನಮ್ಮನ್ನು ಸೋಲಿಸಿತು. ನಾವು ಅವರ ಕೈಲಿ ಸೋತರೂ ಮೂರನೇ ಸ್ಥಾನಕ್ಕೆ ಬಂದೆವು, ಆ ಲೆಫ್ಟ್ ಹಾಫ್ ಈಗ ನಮ್ಮ ಕ್ಯಾಪ್ಟನ್. ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಅವರು ಗೋಣಿಕೊಪ್ಪದಲ್ಲಿ ಮಗಳ ಮನೆ ಸೇರಿದ್ದಾರೆ. ಆಟದ ಮಾತಿಗೆ ಈಗ ಬರುವುದಿಲ್ಲ. ಫೋನು ಮಾಡಿದರೆ, "ಅದೆಲ್ಲ ಬಿಟ್ಟಾಯ್ತಲ್ಲ" ಅಂತಾರೆ. ಬಿಟ್ಟದ್ದನ್ನು ತಿರುಗಿ ಹಿಡಿಯುವ ಜನ ಅಲ್ಲ ಅವರು.

ಇನ್ನು ನಿಮಗೆ ನಾಲ್ಕು ಮಾತು. ತಂಡ ಕಟ್ಟುವವರಿಗೆ ಹೇಳುತ್ತಿದ್ದೇನೆ, ಅಂಗಡಿ ನಡೆಸುವವರೂ ಕೇಳಿಸಿಕೊಳ್ಳಬಹುದು. ಯಾರನ್ನಾದರೂ ತೆಗೆದುಕೊಳ್ಳುವ ಮೊದಲು, ಕೆಲಸ ಕೆಟ್ಟ ಗಳಿಗೆಯಲ್ಲಿ ಅವನು ಏನು ಮಾಡುತ್ತಾನೆ ಅಂತ ನೋಡಿ, ಗೆದ್ದಾಗ ಎಲ್ಲರೂ ಚೆನ್ನಾಗೇ ಕಾಣುತ್ತಾರೆ. ಅವನ ಮನೆಗೂ ಒಂದು ಸಲ ಹೋಗಿ ಬನ್ನಿ. ಬೆಳಗಿನ ಹರಾಜಿನಲ್ಲಿ ಸುಮ್ಮನಿರಿ, ಹಿಂದಿನ ಸಾಲಿನವರು ನಗಲಿ. ನಿಮ್ಮ ಕೈ ಮೇಲೆ ನಿಮಗೆ ನಂಬಿಕೆ ಇಲ್ಲದಿದ್ದರೆ ತಟ್ಟೆ ಕೊಡುವಂಥವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಥವರು ಸಿಕ್ಕಿದ ಮೇಲೆ ಅವರನ್ನೂ ಕಟ್ಟಿಹಾಕಿಕೊಳ್ಳಬೇಡಿ.

ಬಾಮೈದನನ್ನು ಬಿಡುವ ಸಂದರ್ಭ ಬಂದರೆ ಮಾತ್ರ ಇನ್ನೊಬ್ಬರ ಕೈಲಿ ಹೇಳಿಸಬೇಡಿ. ನಾನು ಆ ದಿನ ಅಂಪೈರ್ರ ಹಿಂದೆ ನಿಂತಿದ್ದೆ, ಸವಿತ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಮಂಜನನ್ನು ಬಿಟ್ಟಿದ್ದನ್ನು ಯಾವತ್ತೋ ಮರೆತಿದ್ದಾಳೆ. ನೀವೇ ಹೋಗಿ, ಎದುರಿಗೆ ನಿಂತು, ಊಟಕ್ಕೆ ಮೊದಲೇ ಹೇಳಿ. ಬಡಿಸಿದರೆ ಉಣ್ಣಿ. ಬಡಿಸದಿದ್ದರೆ, ಬರುವ ದಾರಿಯಲ್ಲಿ ಬಿಳಿಕೆರೆ ಸಿಗುತ್ತದೆ, ಸ್ಟಾಪಿನ ಹತ್ತಿರ ಹೋಟೆಲಿದೆ. ಪಕ್ಕದಲ್ಲೇ ನನ್ನ ಅಂಗಡಿ, ಬಂದು ಕೂತುಕೊಳ್ಳಿ.